ಉಚ್ಚೆಂಗಪ್ಪನ ಕಡೆಯ ಗೆಸ್ಟ್

ಕಡ್ಡಿರಾಂಪುರದ ರಸ್ತೆ ಬದಿಯ ತನ್ನ ಹೋಂಸ್ಟೇ ಬೋರ್ಡನ್ನು ಉಚ್ಚೆಂಗಪ್ಪ ಏಣಿ ಹತ್ತಿ ಬಿಚ್ಚುತ್ತಿದ್ದಾಗಲೇ ಆಟೋ ಬಂದು ನಿಂತಿತು. ಒಬ್ಬ ಹೆಂಗಸು, ಅವಳ ಗಂಡ, ಲೆಕ್ಕವಿಲ್ಲದಷ್ಟು ಚೀಲಗಳು ಇಳಿದವು.

"ಇದ ಅಲ್ರೀ ಹೋಂಸ್ಟೇ? ನಾನು ಬಾಗಲಕೋಟಿ ಸುಮಂಗಲಾ. ದೀಪಾವಳಿ ಮುಂದ ಫೋನ್ ಹಚ್ಚಿ ರೂಮ್ ಹೇಳಿದ್ನೆಲ್ಲ? 'ನಿಮ್ಮ ಮನಿ ಅಂತ ತಿಳ್ಕೊಂಡು ಬರ್ರಿ' ಅಂದಿದ್ರಿ."

ಏಣಿ ನಡುಗಿತು. ಮೊಬೈಲಿನಲ್ಲಿದ್ದ ಬುಕಿಂಗುಗಳನ್ನೆಲ್ಲ ಉಚ್ಚೆಂಗಪ್ಪ ರದ್ದು ಮಾಡಿದ್ದ. ಒಬ್ಬೊಬ್ಬರ ಬೈಗುಳವನ್ನೂ ತಲೆ ಬಗ್ಗಿಸಿ ತಿಂದಿದ್ದ. ಆದರೆ ಈಕೆಯದು ಬಾಯಿಮಾತು. ಬಾಯಿಮಾತು ಮೊಬೈಲಿನಲ್ಲಿ ಎಲ್ಲಿ ಹುಡುಕಿದರೆ ಸಿಕ್ಕೀತು?

ಮಾರನೆಯ ದಿನವೇ ಹೊಸಪೇಟೆಯಲ್ಲಿ ಮನೆಯ ರಿಜಿಸ್ಟ್ರೇಷನ್. ಕೊಳ್ಳುವವನು ಸಂಡೂರಿನ ಲಾರಿ ಮಾಲೀಕ ಹೊನ್ನೂರಪ್ಪ. "ನನಗ ಮನಿ ಬೇಕು, ನಿನ್ನ ಗಿರಾಕಿ ಬ್ಯಾಡ. ಬಾಡಿಗಿ ಮಂದಿ ಒಬ್ರು ಕಂಡ್ರೂ ವ್ಯಾಪಾರ ಮುರೀತು ಅನ್ನು" ಎಂದು ಅವನು ಮೊದಲೇ ಖಡಾಖಂಡಿತ ಹೇಳಿದ್ದ. ಆ ದುಡ್ಡಿನಲ್ಲಿ ಕೊಳ್ಳಲೆಂದು ಚಿತ್ತವಾಡ್ಗಿಯಲ್ಲಿ ಉಚ್ಚೆಂಗಪ್ಪ ನೋಡಿಟ್ಟ ಹಿಟ್ಟಿನ ಗಿರಣಿಯವನೂ ನಾಳೆಯವರೆಗೆ ಮಾತ್ರ ಕಾಯುವವನು. ಆಮೇಲೆ ಗಿರಣಿ ಬೇರೆಯವರ ಪಾಲು. ವರ್ಷಗಟ್ಟಲೆ ಗೆಸ್ಟುಗಳ ಗೊಣಗಾಟ ಕೇಳಿ ಕೇಳಿ ಉಚ್ಚೆಂಗಪ್ಪನಿಗೆ ಸಾಕಾಗಿತ್ತು. ಗಿರಣಿಗೆ ಬರುವ ಜೋಳ ವೈಫೈ ಕೇಳುವುದಿಲ್ಲ, ಬೀಸಿಸಿಕೊಂಡು ಸುಮ್ಮನೆ ಹೋಗುತ್ತದೆ.

"ಅಕ್ಕಾರ, ಮನಿ ಮಾರೀನ್ರಿ" ಎಂದ ಮೆಲ್ಲಗೆ.

"ಮಾರ್ರಿ. ನಾಡಿದ್ದು ನಾವು ಹೋದ ಮ್ಯಾಲೆ ಮಾರ್ರಿ. ಹಂಪಿ ಉತ್ಸವ ಐತಿ, ಈಗ ಎಲ್ಲಿ ರೂಮ್ ಸಿಗತೈತಿ?"

ಆಕೆಯ ಮಾತು ಸುಳ್ಳಲ್ಲ. ಉಚ್ಚೆಂಗಪ್ಪ ಹಂಪಿಯಿಂದ ಕಂಪ್ಲಿಯವರೆಗೆ ಗುರುತಿನವರಿಗೆಲ್ಲ ಫೋನ್ ಮಾಡಿದ. ಒಬ್ಬನಂತೂ, "ನಮ್ಮ ದನದ ಕೊಟಗಿಗೂ ಅಡ್ವಾನ್ಸ್ ಬಂದೈತಲೇ" ಎಂದು ನಕ್ಕ.

ಎದುರುಗಡೆ ಮಿರ್ಚಿ ಕರಿಯುತ್ತಿದ್ದ ದುರ್ಗಕ್ಕ ಜಾರಿಸೌಟನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು. ಊರಿನವರ ಸಮಸ್ಯೆ ಕೇಳಿದರೆ ಅವಳಿಗೆ ಒಲೆಯ ಮೇಲಿನ ಎಣ್ಣೆಯೂ ನೆನಪಿರುವುದಿಲ್ಲ. "ನಮ್ಮ ಮನ್ಯಾಗ ಇರ್ಲಿ ಬಿಡು" ಎಂದು ಗಂಡ ಹೆಂಡತಿಯನ್ನು ಕರೆದೊಯ್ದಳು. ಆದರೆ ಅಲ್ಲಿ ಕಟ್ಟಿದ್ದ ಆಡುಗಳ ವಾಸನೆಗೆ ಸುಮಂಗಲಾಳ ಗಂಡ ಸೀನಲು ಹತ್ತಿದ. ಕೆಟ್ಟ ಬೋರ್‌ವೆಲ್ ಪಂಪು ಹೊಡೆದಂತೆ ಬಿಟ್ಟೂ ಬಿಡದೆ ಸೀನಿದ. ಚೀಲಗಳು ಮತ್ತೆ ಉಚ್ಚೆಂಗಪ್ಪನ ಕಟ್ಟೆಗೇ ಬಂದವು.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಹೊನ್ನೂರಪ್ಪನ ಕಾರು ಬಂತು. ನಾಳೆಗೆ ಮೊದಲು ಬಾಗಿಲಿಗೆ ಕಾಯಿ ಒಡೆಯಬೇಕೆಂದು ಅವನ ತಾಯಿ ಜಂಬವ್ವ ಹಟ ಹಿಡಿದಿದ್ದಳಂತೆ. ಕಾರಿಳಿದವಳೇ ಕಟ್ಟೆಯ ಮೇಲೆ ತಲೆ ಬಾಚಿಕೊಳ್ಳುತ್ತ ಕೂತ ಸುಮಂಗಲಾಳನ್ನು ನೋಡಿದಳು.

"ಯಾರಿವ್ರು?"

ಉಚ್ಚೆಂಗಪ್ಪನ ನಾಲಿಗೆ ಒಣಗಿತು. ದುರ್ಗಕ್ಕನ ನಾಲಿಗೆ ಎಂದೂ ಒಣಗಿದ್ದಲ್ಲ. "ನಮ್ಮ ಉಚ್ಚೆಂಗಪ್ಪನ ತಂಗಿ! ಬಾಗಲಕೋಟಿಗೆ ಕೊಟ್ಟೈತಿ. ಅಳಿಯಾರೂ ಬಂದಾರ!"

ಉಚ್ಚೆಂಗಪ್ಪ ಕೋಲೆಬಸವನಂತೆ ತಲೆಯಾಡಿಸಿದ. ಜಂಬವ್ವನ ಬೆನ್ನ ಹಿಂದಿನಿಂದ ಸುಮಂಗಲಾಳಿಗೆ ಕೈಮುಗಿದ. ಅವಳು ಒಂದು ಕ್ಷಣ ನೋಡಿದಳು, ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ಬರ್ರಿ ಅಮ್ಮಾ, ಕುಂದ್ರಿ" ಎಂದಳು. ಉಚ್ಚೆಂಗಪ್ಪನಿಗೆ ಹೋದ ಜೀವ ಬಂತು.

ಜಂಬವ್ವ ಕೂತು ಎಲೆಅಡಿಕೆ ಬಾಯಿಗಿಟ್ಟಳು. "ನಿಮ್ಮಣ್ಣ ನಿನ್ನ ತವರುಮನಿ ಮಾರಾಕ ಹತ್ಯಾನಲ್ಲವ್ವ. ಸಂಕಟ ಆಗಂಗಿಲ್ಲೇನು ನಿನಗ?"

ಸುಮಂಗಲಾಳಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ತಂದೆತಾಯಿ ಹೋದ ಮೇಲೆ ಆಕೆಯ ತವರಿನ ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿತ್ತು. ತವರುಮನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಣ್ಣಲ್ಲಿ ನೀರು ಖರೆಯಾಗಿಯೇ ಬಂತು.

"ಆಗದ ಇರ್ತೈತೇನ್ರಿ ಅಮ್ಮಾ? ಬಂದು ಎರಡು ದಿನ ಇದ್ದು ಹೋಗಾಕ ನನ್ನದೂ ಅಂತ ಒಂದು ಮನಿ ಇತ್ತು. ಮಾರ್ತೀನವ್ವ ಅಂತ ಒಂದು ಮಾತು ಕೇಳಲಿಲ್ಲ ನೋಡ್ರಿ ನಮ್ಮಣ್ಣ!"

ಎಂದು ಬಿಕ್ಕಿದಳು. ದುರ್ಗಕ್ಕನೂ ಅತ್ತಳು. ಸುಮಂಗಲಾಳ ಗಂಡ ಸೀನುವುದನ್ನು ನಿಲ್ಲಿಸಿ ಉಚ್ಚೆಂಗಪ್ಪನನ್ನು ಕಟುಕನನ್ನು ನೋಡುವಂತೆ ನೋಡಿದ.

ಜಂಬವ್ವ ತಾಂಬೂಲ ಉಗುಳಿ ಎದ್ದಳು. "ಹೊನ್ನೂರ, ಕಾಯಿ ಕಾರಿನಾಗ ಇಡು. ಅವತ್ತು ನಿಮ್ಮಪ್ಪನ ತಂಗಿ ಸಹಿ ಇಲ್ದ ಹೊಲ ತಗಂಡು ಕೋರ್ಟಿಗೆ ಅಲೆದಿದ್ದು ಸಾಲದೇನು? ಹೆಣ್ಣುಮಗಳ ಕಣ್ಣೀರು ಬಿದ್ದ ಮನಿ ನಮಗ ಬ್ಯಾಡ."

ಹೊನ್ನೂರಪ್ಪ ಕೆಂಡವಾದ. "ಲೇ ಉಚ್ಚೆಂಗಪ್ಪ! 'ನಮ್ಮಪ್ಪಗ ನಾನೊಬ್ನ, ಅಕ್ಕತಂಗಿ ಯಾರೂ ಇಲ್ಲ' ಅಂತ ವಂಶವೃಕ್ಷ ಬರೆಸ್ಕೊಂಡು ಬಂದಿದ್ದೆಲ್ಲ? ಈ ಕೊಂಬಿ ಎಲ್ಲಿಂದ ಚಿಗುರಿತು?"

"ಅಯ್ಯೋ, ಆಕಿ ನನ್ನ ತಂಗಿ ಅಲ್ರಿ! ರೂಮಿಗೆ ಬಂದ ಗೆಸ್ಟ್ ರೀ! ವಿರೂಪಾಕ್ಷನ ಆಣಿ!"

ಜಂಬವ್ವ ಗಲ್ಲದ ಮೇಲೆ ಕೈಯಿಟ್ಟಳು. "ಕೇಳಿದೇನು? ಆಸ್ತಿ ಸಲುವಾಗಿ ಒಡಹುಟ್ಟಿದಾಕಿನ್ನ ಬಾಡಿಗಿಯಾಕಿ ಅಂತಾನಲ್ಲೋ! ಇವನ ಬಾಯಾಗ ಮಣ್ಣು ಬೀಳ!"

"ದುರ್ಗಕ್ಕಾ, ನೀನರ ಖರೆ ಹೇಳ!" ಎಂದು ಉಚ್ಚೆಂಗಪ್ಪ ಅಂಗಲಾಚಿದ.

ಈಗ ಖರೆ ಹೇಳಿದರೆ ಮೊದಲು ಹೇಳಿದ್ದು ಸುಳ್ಳಾಗುತ್ತದಲ್ಲ. ದುರ್ಗಕ್ಕ ಜಾರಿಸೌಟು ಒರೆಸಿಕೊಂಡು, "ಅಣ್ಣ ತಂಗಿ ಜಗಳದಾಗ ನಾನು ಬರಂಗಿಲ್ಲಪ್ಪ" ಎಂದು ರಸ್ತೆ ದಾಟಿಬಿಟ್ಟಳು.

"ನಾಳೆ ಆಫೀಸಿಗೆ ತಂಗಿನ್ನ ಕರ್ಕೊಂಡು ಬಾ" ಎಂದು ಹೊನ್ನೂರಪ್ಪ ಕಾರು ಹತ್ತಿದ. "ಆಕಿ ಒಪ್ಪಿ ಸಹಿ ಹಾಕಿದ್ರ ಮನಿ ನಂದು. ಇಲ್ಲಾಂದ್ರ ನಿನ್ನ ಮನಿ ನಿನಗ."

ಧೂಳು ಅಡಗಿತು. ಉಚ್ಚೆಂಗಪ್ಪ ಸುಮಂಗಲಾಳ ಮುಂದೆ ಕುಕ್ಕರಗಾಲಲ್ಲಿ ಕೂತ. "ತಾಯಿ, ಇಷ್ಟೆಲ್ಲ ಅತ್ತೀಯಲ್ಲ, ಹಂಗ ಒಂದು ಸಹಿ ಹಾಕಿಬಿಡವ್ವ. ನಿನ್ನ ಹೆಸರು ಹೇಳಿ ಗಿರಣಿ ನಡೆಸ್ತೀನಿ."

ಸುಮಂಗಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೂಗು ಏರಿಸಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯ ಶಿವನ! ಸರ್ಕಾರಿ ಕಾಗದದ ಮ್ಯಾಲೆ ಸುಳ್ಳು ಸಹಿ ಹಾಕಾಕ ಆಗತೈತೇನ್ರಿ? ನಾನೇನು ನಿಮ್ಮ ತಂಗಿಯೇನು?"