ಟವೆಲ್ ಅಡಿಯ ಕೈ, ರೋಮಿನ ದೇವತೆ

ಓದಿದವರು ನಂಬಿಕೆಯನ್ನು ಅಳೆಯಲು ಹೊರಟಾಗಲೆಲ್ಲ ನಮ್ಮ ತುಮಕೂರು ಸೀಮೆಯಲ್ಲಿ ಯಾರದೋ ಅಂಗಡಿ ಮುಚ್ಚುತ್ತದೆ, ನಾವು ನಗುತ್ತೇವೆ. ಬೇರೇನು ಮಾಡಲೂ ತೋಚದೆ ನಗುತ್ತೇವೆ. ಈ ಸಲ ಮುಚ್ಚಿದ್ದು ಗುಬ್ಬಿಯಲ್ಲಿದ್ದ ನನ್ನ ಗೆಳೆಯನ ಕೊಬ್ಬರಿ ಮಂಡಿ.

೧. ತಿರುಗಿ ಬೈಯುವ ಭಾಷೆ

ನಾನು ಓದಿದ್ದು ಏಳನೇ ಕ್ಲಾಸು. ಧರಣಿ ಮಾಡಿದ ಕೇಸೊಂದರಲ್ಲಿ ಎದುರು ವಕೀಲ ನನ್ನ ಮೇಲೆ ಲ್ಯಾಟಿನ್ ಪದಗಳನ್ನು ಉದುರಿಸಿದ. ಅರ್ಥವಾಗದ ಬೈಗುಳಕ್ಕೆ ತಿರುಗಿ ಬೈಯುವುದು ಹೇಗೆ? ಶಿರಾ ಗೇಟಿನ ಗುಜರಿಯಲ್ಲಿ ಲ್ಯಾಟಿನ್ ವ್ಯಾಕರಣವೂ ರೋಮಿನ ದೇವರುಗಳ ಕಥೆ ಪುಸ್ತಕವೂ ತೂಕಕ್ಕೆ ಸಿಕ್ಕವು. ಹಟ ಹಿಡಿದು ಕಲಿತೆ. ಮುಂದಿನ ವಾಯಿದೆಗೆ ಹೋಗಿ ಆ ವಕೀಲನಿಗೆ ಲ್ಯಾಟಿನ್ನಿನಲ್ಲೇ ಒಂದು ಮಾತು ಹೇಳಿದೆ.

ಅವನು ಜಡ್ಜ್ ಕಡೆ ತಿರುಗಿ, "ಸ್ವಾಮಿ, ಈತ ಯಾವ್ದೋ ಭಾಷೇಲಿ ನನ್ನ ಬೈತಾವ್ನೆ!" ಅಂದ.

೨. ದೇವತೆಯ ಬಲಗೈ

ನನ್ನ ರೋಮಿನ ಕಥೆ ಕೇಳುತ್ತಿದ್ದವನು ಮಂಡಿಯ ಗೆಳೆಯ ಒಬ್ಬನೇ. ಹಳೇ ಪದ್ಧತಿಯವನು. ರೈತರ ಜೊತೆ ರೇಟು ಮಾತಾಡುವಾಗ ಇಬ್ಬರ ಕೈ ಮೇಲೂ ಟವೆಲ್ ಮುಚ್ಚಿ, ಒಳಗೆ ಬೆರಳು ಒತ್ತಿಯೇ ಮುಗಿಸುತ್ತಿದ್ದ. ಬೆರಳು ಒಪ್ಪಿದ ಮೇಲೆ ಮಾತು ತಪ್ಪಿದವನಲ್ಲ.

"ರೋಮಿನಲ್ಲಿ ನಂಬಿಕೆಗೇ ಒಬ್ಬ ದೇವತೆ ಇದ್ದಳು, ಫೀದೇಸ್ ಅಂತ. ಪೂಜಾರಿ ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡೇ ಪೂಜೆ ಮಾಡಬೇಕಿತ್ತು" ಅಂದೆ.

ಅವನು ಹೆಗಲ ಟವೆಲ್ ಮುಟ್ಟಿ ನೋಡಿಕೊಂಡ. "ಏನ್ಲಾ, ಅಲ್ಲೂ ಕೊಬ್ಬರಿ ವ್ಯಾಪಾರ ಇತ್ತಾ?"

೩. ರೆಕ್ಕೆಯ ಚಪ್ಪಲಿ

ವಸಂತನರಸಾಪುರದಲ್ಲಿ ಎಣ್ಣೆ ಫ್ಯಾಕ್ಟರಿಯ ಮಾಲೀಕನೊಬ್ಬ ಮಂಡಿಯ ಕೊಬ್ಬರಿಯನ್ನೆಲ್ಲ ಸಾಲಕ್ಕೆ ಕೇಳಿದ. ಮಾತಾಡಲು ಅವನ ಆಫೀಸಿಗೆ ಹೋದೆವು. ಗೋಡೆಯ ಮೇಲೆ ಗಾಜಿನ ಫ್ರೇಮಿನಲ್ಲಿ, ಸಾಲಕ್ಕೆ ನಂಬಬಹುದೆಂದು ಅವನ ಕಂಪನಿಗೆ ಸಿಕ್ಕ ರೇಟಿಂಗ್ ಹೊಳೆಯುತ್ತಿತ್ತು. ಗೆಳೆಯ ಟವೆಲ್ ಹಿಡಿದು ಕೈ ಚಾಚಿದ.

"ಅಯ್ಯೋ, ಈಗ ತಾನೆ ಸ್ಯಾನಿಟೈಸರ್ ಹಾಕ್ಕೊಂಡಿದೀನಿ. ರೇಟಿಂಗ್ ನೋಡ್ರೀ!" ಎಂದು ಮಾಲೀಕ ಗೋಡೆ ತೋರಿಸಿದ.

ಜೊತೆಗಿದ್ದ ಗೆಳೆಯನ ಅಳಿಯ ಬಿ.ಕಾಂ. ಓದಿದವನು. "ಸುಮ್ನಿರಿ ಮಾವ, ನಗ್ತಾರೆ" ಎಂದು ಟವೆಲ್ ಕೆಳಗಿಳಿಸಿದ. ನಗುತ್ತಾರೆಂಬ ಭಯಕ್ಕೆ ಎಷ್ಟು ಜನ ಹಾಳಾಗಿದ್ದಾರೋ!

ಮಾಲೀಕನ ಮೇಜಿನ ಮೇಲೆ ಚಪ್ಪಲಿಗೆ ರೆಕ್ಕೆಯಿರುವ ಒಂದು ಗೊಂಬೆ ಇತ್ತು. ನಾನು ಗುರುತು ಹಿಡಿದೆ. "ಇವನು ಮರ್ಕ್ಯುರಿ. ವ್ಯಾಪಾರಿಗಳ ದೇವರು. ಕಳ್ಳರಿಗೂ ಇವನೇ ದೇವರು."

"ಎರಡಕ್ಕೂ ಒಬ್ನೇನಾ? ಖರ್ಚು ಕಮ್ಮಿ ಬಿಡಿ" ಎಂದ ಮಾಲೀಕ.

ಲಾರಿಗಳು ಹೋದವು. ದುಡ್ಡು ಬರಲಿಲ್ಲ. ಹೋಗಿ ನೋಡಿದರೆ ಗೇಟಿಗೆ ಬೀಗ. ಗೇಟು ಹತ್ತಿ ಕಿಟಕಿಯಲ್ಲಿ ಇಣುಕಿದೆ. ಗಾಜಿನ ಫ್ರೇಮ್ ಗೋಡೆಯಲ್ಲೇ ಇತ್ತು. ಗೊಂಬೆಯನ್ನು ಮಾತ್ರ ಮಾಲೀಕ ಮರೆಯದೆ ಒಯ್ದಿದ್ದ.

೪. ಹೂಂ ಅಂದ ಕೈ

ಆ ಕೊಬ್ಬರಿ ರೈತರದು. ಅವರ ದುಡ್ಡು ಕೊಡದಿದ್ದರೆ ಗೆಳೆಯ ಊರಿನಲ್ಲಿ ತಲೆ ಎತ್ತುವಂತಿಲ್ಲ. ಸಾಲ ಕೇಳಲು ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕಂಪ್ಯೂಟರ್ ನೋಡಿ, "ನಿಮಗೆ ಸ್ಕೋರೇ ಇಲ್ವಲ್ಲ ಯಜಮಾನ್ರೇ. ಬ್ಯಾಂಕಲ್ಲಿ ಒಂದು ಸಾಲಾನೂ ಮಾಡಿಲ್ಲ" ಅಂದರು.

"ಅದು ತಪ್ಪಾ ಸ್ವಾಮಿ?"

"ಸಾಲ ತಗೊಂಡು ತೀರಿಸಿದ್ರೆ ತಾನೆ ನಂಬೋದು?"

ನಾನು ಎದ್ದು ನಿಂತು ಫೀದೇಸ್ ದೇವತೆಯಿಂದ ಭಾಷಣ ಶುರುಮಾಡಿದೆ. ಗಾರ್ಡ್ ಒಳಗೆ ಬಂದ. ಆ ಗಲಾಟೆಯಲ್ಲಿ ಗೆಳೆಯ ಮೆಲ್ಲಗೆ ಮ್ಯಾನೇಜರ ಕೈ ಹಿಡಿದು ಮೇಲೆ ಟವೆಲ್ ಹಾಕಿದ. ಅವರೂ ತೆಂಗು ಬೆಳೆಯುವ ಮನೆಯವರೇ. ಅವರ ಬೆರಳು ತಾನಾಗಿ ತಿರುಗಿ ಒತ್ತಿತು. ಕಣ್ಣಲ್ಲಿ ನೀರು ಬಂತು.

"ನಮ್ಮಪ್ಪನ ಜೊತೆ ಸಂತೆಗೆ ಹೋದಂಗಾಯ್ತು. ಕೈಯೇನೋ ಹೂಂ ಅಂತು ಯಜಮಾನ್ರೇ" ಎಂದು ಕೈ ಎಳೆದುಕೊಂಡರು. "ಆದ್ರೆ ಕಂಪ್ಯೂಟರಿಗೆ ಕೈ ಇಲ್ಲ."

೫. ಅಜ್ಜಿಯ ಲೆಕ್ಕ

ಗೆಳೆಯ ಮಂಡಿಯನ್ನೇ ಮಾರಿದ. ಬಂದದ್ದನ್ನು ಹಂಚಿದರೂ ಬಾಕಿ ಉಳಿಯಿತು. ಬಾಗಿಲು ಹಾಕುವ ದಿನ ರೈತರು ಸೇರಿದರು. ಹೊಡೆದಾಟವಾದೀತೆಂದು ನಾನು ಮುಂದೆ ನಿಂತೆ. ಜೀವಮಾನವೆಲ್ಲ ಘೋಷಣೆ ಕೂಗಿದವನು, ಅವತ್ತು ಯಾರ ವಿರುದ್ಧ ಕೂಗಬೇಕೋ ಗೊತ್ತಾಗಲಿಲ್ಲ.

ಗೆಳೆಯ ತಲೆ ತಗ್ಗಿಸಿ ಟವೆಲ್ ಹಿಡಿದ. "ಉಳಿದಿದ್ದನ್ನ ಎಷ್ಟು ಕಂತಲ್ಲಿ ಕೊಡ್ಲಿ? ನೀವೇ ಬೆರಳಲ್ಲಿ ಹೇಳಿ."

ಗಾಜಿನ ಫ್ರೇಮು, ಸ್ಕೋರು, ಸಹಿ ಯಾವುದೂ ಇಲ್ಲ. ಒಬ್ಬೊಬ್ಬರಾಗಿ ಬಂದು ಟವೆಲ್ ಒಳಗೆ ಕೈಯಿಟ್ಟು, ಬೆರಳು ಒತ್ತಿ ಹೋದರು. ಅಲ್ಲಿ ಆ ಟವೆಲ್ ಹಾಸಿದ್ದು ಅದೇ ಕೊನೆ.

ಕಡೆಗೆ ನಾಲ್ಕೇ ತೆಂಗಿನ ಮರವಿದ್ದ ಅಜ್ಜಿಯೊಬ್ಬಳು ಬಂದಳು. ಕೈ ಒಳಗೆ ಹೋಗಿದ್ದೇ ತಡ, ಗೆಳೆಯ "ಅಯ್ಯಯ್ಯೋ!" ಎಂದು ನೆಗೆದ. ಟವೆಲ್ ಬಿತ್ತು. ರಕ್ತ ಕಟ್ಟುವಂತೆ ಚಿವುಟಿದ್ದಳು.

"ಇದೆಷ್ಟು ಕಂತು ಅಂತ ತಿಳ್ಕೊಳ್ಳಲಮ್ಮಾ?"

"ನೀನು ಕೊಟ್ಟಾಗ ಇಸ್ಕೋತೀನಿ ಬುಡು, ಕಂತು ಯಾರ್ಗೆ ಬೇಕು?" ಅಜ್ಜಿ ಟವೆಲ್ ಎತ್ತಿ ಕೊಡವಿ ಅವನ ಹೆಗಲಿಗೆ ಹಾಕಿದಳು. "ಇದು ಬಡ್ಡಿ ಕಣ್ಲಾ!"