ನೇಮಕದ ಅಯ್ಯನವರು, ಮಾವನ ದೂರು

ನಮ್ಮ ಸೋದರಮಾವನಿಗೆ ದೇವರ ಮೇಲೆ ಯಾವ ದೂರೂ ಇಲ್ಲ. ದೇವರು ಕಳಿಸಿಕೊಟ್ಟವರ ಮೇಲೆ ಮಾತ್ರ ಇದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಉತ್ಪ್ರೇಕ್ಷೆ ಕಂಡಲ್ಲಿ ಕತ್ತರಿ ಹಾಕುವುದು ನನ್ನ ಹೊಟ್ಟೆಪಾಡು. ಆದರೆ ಮಾವನ ವಿಷಯದಲ್ಲಿ ಕತ್ತರಿಸಲು ಏನೂ ಸಿಗುವುದಿಲ್ಲ. ಅವರು ಹಾಗೆಯೇ ಇದ್ದಾರೆ!

ಮಾವ ಬೆಟಗೇರಿಯಿಂದ ಹೈದರಾಬಾದಿಗೆ ಬಂದು ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಬಿಡಿಭಾಗಗಳು ಬರುವುದು ನಿಂತಿತು. ಚರ್ಚಿಗೆ ಅಯ್ಯನವರುಗಳು ಬರುವುದು ಮಾತ್ರ ನಿಲ್ಲಲಿಲ್ಲ.

ನಮ್ಮದು ಸಣ್ಣ ಕನ್ನಡ ಸಭೆ. ನಾಂಪಲ್ಲಿಯ ಹತ್ತಿರದ ಹಳೆಯ ಚರ್ಚೊಂದರಲ್ಲಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ನಮಗೆ ಜಾಗ. ಆಮೇಲೆ ತೆಲುಗು ಸಭೆಯವರಿಗೆ. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ, ಅವರ ಉಪದೇಶವನ್ನು ಪ್ರಸಂಗ ಎನ್ನುತ್ತೇವೆ. ಅವರನ್ನು ಆರಿಸುವುದು ನಾವಲ್ಲ, ಬಿಷಪ್ಪರು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕೂಟದ ಕೊನೆಯ ದಿನ ಬಿಷಪ್ಪರು ನೇಮಕಪಟ್ಟಿ ಓದುತ್ತಾರೆ. ಅದನ್ನು ಓದುವ ತನಕ ತಮಗೆ ಯಾವ ಊರು ಎಂದು ಅಯ್ಯನವರಿಗೂ ಗೊತ್ತಿರುವುದಿಲ್ಲ. ಅವರ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ಕಟ್ಟಿಟ್ಟುಕೊಂಡು ಕಾಯುತ್ತಿರುತ್ತಾರೆ.

ಹೀಗೆ ನೇಮಕವಾಗಿ ಬಂದ ಮೊದಲನೆಯವರು ಪ್ರಸಂಗ ಮಾಡುವಾಗ ದನಿ ಏರಿಸುತ್ತಿದ್ದರು. "ದೇವರಿಗೇನು ಕಿವಿ ಕೇಳ್ಸಂಗಿಲ್ಲೇನು?" ಎಂದರು ಮಾವ. ಅವರು ಹೋಗಿ ಮೆಲ್ಲಗೆ ಮಾತಾಡುವವರು ಬಂದರು. "ದೇವರಿಗೆ ಕೇಳಿಸಿದರ ಸಾಕೇನು, ನಮಗ ಬ್ಯಾಡೇನು?" ಮೂರನೆಯವರು ಒಂದೇ ಪ್ರಸಂಗದಲ್ಲಿ "ಇನ್ನು ಮುಗಿಸುತ್ತೇನೆ" ಎಂದು ನಾಲ್ಕು ಸಲ ಹೇಳಿದರು. "ಮುಗಿಸ್ತೀನಿ ಅಂತ ಹೇಳಿ ಮುಗಸದಿದ್ದವರನ್ನ ನಮ್ಮ ಕಾರ್ಖಾನ್ಯಾಗ ಸಸ್ಪೆಂಡ್ ಮಾಡ್ತಿದ್ರು" ಎಂದು ಮಾವ ಚರ್ಚಿನ ಬಾಗಿಲಲ್ಲೇ, ಅಯ್ಯನವರ ಕೈ ಕುಲುಕುತ್ತಲೇ ತಿಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ನನಗೇನು ತೊಂದರೆಯಿರಲಿಲ್ಲ. ಆದರೆ ಮಾವ ಬಿಷಪ್ಪರಿಗೆ ಪತ್ರ ಬರೆಯುತ್ತಿದ್ದರು. ಆ ಪತ್ರಗಳನ್ನು ತಿದ್ದುವವನು ನಾನು. ನನ್ನ ವಾರದ ರಜೆಯ ದಿನವನ್ನು ಅವರು ಹೇಗೆ ಕಂಡುಹಿಡಿಯುತ್ತಿದ್ದರೋ, ಬೆಳಿಗ್ಗೆಯೇ ಫೋನು ಬರುತ್ತಿತ್ತು: "ಬಾ, ಒಂದು ಪತ್ರ ಐತಿ." ಎರಡು ಬಸ್ಸು ಬದಲಿಸಿ ಹೋದರೆ ಏಳು ಪುಟ ಸಿದ್ಧವಾಗಿರುತ್ತಿತ್ತು.

"'ಅಸಹನೀಯ' ಬ್ಯಾಡ ಮಾವ. 'ದೀರ್ಘ' ಅಂದರ ಸಾಕು."

"ನೀ ಕುಂತು ಕೇಳೀಯೋ ಇಲ್ಲೋ ಆ ಪ್ರಸಂಗ?"

"ಕೇಳೀನಿ."

"ಮತ್ತ ಯಾವುದು ಖರೆ?"

"ಎರಡೂ ಖರೆ. ಆದರ ಒಂದು ಸುದ್ದಿ, ಇನ್ನೊಂದು ಅಭಿಪ್ರಾಯ."

"ಹಂಗಾದರ ಎರಡೂ ಹಾಕು."

ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು: "ಆ ಅಯ್ಯನವರು ಮುಕ್ಕಾಲು ತಾಸು ಮಾತಾಡಿದ್ದಕ್ಕ ನೀವು ಮೂರು ತಾಸಿನಿಂದ ಬರಿಯಾಕತ್ತೀರಿ. ನಿಮ್ಮ ಮ್ಯಾಲೆ ಯಾರು ಬರೀಬೇಕು?"

ಬಿಷಪ್ಪರಿಂದ ಪ್ರತಿ ಸಲ ಒಂದೇ ಉತ್ತರ: "ತಮ್ಮ ಪತ್ರ ತಲುಪಿತು. ಪ್ರಾರ್ಥಿಸುತ್ತಿದ್ದೇವೆ." ಯಾರಿಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂಬುದನ್ನು ಅವರು ಸ್ಪಷ್ಟಪಡಿಸುತ್ತಿರಲಿಲ್ಲ.

ನಾಲ್ಕನೆಯವರಾಗಿ ಈಗಿನ ಅಯ್ಯನವರು ಬಂದರು. ಬೀದರ್ ಕಡೆಯವರು, ಸಣ್ಣ ಮೈಯವರು, ಕೂತವರ ಮುಖ ನೋಡಿ ಮಾತಾಡಲೂ ಸಂಕೋಚಪಡುವವರು. ಅವರ ಪ್ರಸಂಗ ಚೆನ್ನಾಗಿರಲಿಲ್ಲ. ಇದನ್ನು ನಾನು ಅಭಿಪ್ರಾಯವಾಗಿ ಅಲ್ಲ, ಸುದ್ದಿಯಾಗಿಯೇ ಹೇಳುತ್ತಿದ್ದೇನೆ. ಒಂದು ಭಾನುವಾರ ಪಾಪ, ನೋಹನ ನಾವೆಯ ಉದ್ದವನ್ನು ಮುನ್ನೂರು ಮೊಳ ಎನ್ನುವ ಬದಲು ಮೂವತ್ತು ಮೊಳ ಎಂದುಬಿಟ್ಟರು. ಅಳತೆಯಲ್ಲೇ ಆಯುಸ್ಸು ಕಳೆದ ಮನುಷ್ಯ ಎರಡನೇ ಸಾಲಿನಲ್ಲಿ ಕೂತಿದ್ದಾರೆ ಎಂಬುದನ್ನು ಅವರು ಮರೆಯಬಾರದಿತ್ತು.

"ಮೂವತ್ತು ಮೊಳದಾಗ ಜೋಡಿ ಆನಿ ಎಲ್ಲಿ ನಿಂದ್ರಸ್ತೀರಿ, ಅಯ್ಯನವರ?" ಎಂದು ಮಾವ ಆರಾಧನೆ ಮುಗಿದ ಮೇಲೆ ಕೇಳಿದರು.

ಅಯ್ಯನವರು ನಿಜವಾಗಿಯೂ ಯೋಚಿಸಿದರು. "ತಪ್ಪಾತ್ರಿ. ಅದು ಎತ್ತರದ ಅಳತಿ" ಎಂದರು. ತಪ್ಪು ಒಪ್ಪಿಕೊಂಡವರನ್ನು ಮಾವನಿಗೆ ಕಂಡರಾಗುವುದಿಲ್ಲ, ವಾದ ಅಲ್ಲಿಗೇ ನಿಂತುಬಿಡುತ್ತದೆ. ಆ ವಾರದ ಪತ್ರ ಒಂಬತ್ತು ಪುಟವಾಯಿತು.

ಇದನ್ನೆಲ್ಲ ಓದಿ, ಮಾವ ಪಾದ್ರಿಗಳ ವಿರೋಧಿ ಎಂದುಕೊಂಡಿರಾ? ಹಾಗಿದ್ದಿದ್ದರೆ ನಾನು ಇಷ್ಟು ಬಳಲುತ್ತಿರಲಿಲ್ಲ. ಅಯ್ಯನವರು ಒಳಗೆ ಬಂದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವರು ಮಾವ. ಅಯ್ಯನವರ ಕುರ್ಚಿಯ ಮೇಲೆ ಯಾರಾದರೂ ಕೈಚೀಲ ಇಟ್ಟರೂ ಮಾವನಿಗೆ ಸಹಿಸಲಾಗದು. ನೇಮಕದ ಮೇಲೆ ಅವರಿಗೆ ಅಚಲ ನಂಬಿಕೆ, ನೇಮಕವಾದವರ ಮೇಲೆ ಲವಲೇಶವೂ ಇಲ್ಲ.

ಒಮ್ಮೆ ಅಯ್ಯನವರು ಜ್ವರದಿಂದ ಮಲಗಿದರು. ಸಭಾ ಹಿರಿಯರೂ ಕಾರ್ಯದರ್ಶಿಯೂ ಆದ ಮಾವನೇ ಆರಾಧನೆ ನಡೆಸಬೇಕಾಯಿತು. ಪ್ರಸಂಗ ಪೀಠದ ಮೂರು ಮೆಟ್ಟಿಲು ಹತ್ತಲು ತಮಗೆ ಅಧಿಕಾರವಿಲ್ಲವೆಂದು ಕೆಳಗೇ ನಿಂತು, ಅಚ್ಚಾದ ಹಳೆಯ ಪ್ರಸಂಗವೊಂದನ್ನು ಓದಿದರು. ಕಾಣಿಕೆ ಎತ್ತಿದ್ದಾಯಿತು, ಕೊನೆಯ ಗೀತೆಯೂ ಆಯಿತು. ಇನ್ನು ಉಳಿದದ್ದು ಆಶೀರ್ವಾದ. ಕೈಯೆತ್ತಿ ಆಶೀರ್ವದಿಸಿದ ಮೇಲೆಯೇ ನಾವು ಎದ್ದು ಹೋಗುವುದು ರೂಢಿ. ಮಾವ ತಮ್ಮ ಜಾಗಕ್ಕೆ ಬಂದು ಕೂತುಬಿಟ್ಟರು.

ನಾವೂ ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ನಾನು ಹಿಂದಿನಿಂದ ಬಗ್ಗಿ ಕೇಳಿದೆ: "ಮಾವ, ಆಶೀರ್ವಾದ?"

"ನನಗ ನೇಮಕ ಇಲ್ಲ."

"ಮತ್ತ ಮನಿಗೆ ಹೆಂಗ ಹೋಗೂದು?"

"ಅದು ಬಿಷಪ್ಪರನ್ನ ಕೇಳಬೇಕಾದ ಪ್ರಶ್ನಿ."

ಎಂಟೂವರೆಗೆ ತೆಲುಗು ಸಭೆಯವರು ಬಾಗಿಲಲ್ಲಿ ಕಿಕ್ಕಿರಿದರು. ಅವರ ಅಯ್ಯನವರು ಒಳಗೆ ಬಂದು, ಅಲುಗಾಡದೆ ಕೂತಿರುವ ನಮ್ಮನ್ನು ಕಂಡು, ಯಾರೋ ತೀರಿಕೊಂಡಿದ್ದಾರೆ ಎಂದು ಭಾವಿಸಿ ದನಿ ತಗ್ಗಿಸಿ ವಿಚಾರಿಸಿದರು. ಮಾವ ವಿಷಯ ತಿಳಿಸಿದರು. ಆ ಪುಣ್ಯಾತ್ಮರು ಕೈಯೆತ್ತಿ ತೆಲುಗಿನಲ್ಲಿ ನಮ್ಮನ್ನು ಆಶೀರ್ವದಿಸಿದ ಮೇಲೆ ನಾವು ಸಾಲಾಗಿ ಹೊರಬಂದೆವು. "ಯಾವ ಭಾಷಾ ಆದರೇನು. ನೇಮಕ ಬರೋಬ್ಬರಿ ಐತಿ" ಎಂದರು ಮಾವ, ತೃಪ್ತಿಯಿಂದ.

ಆ ವರ್ಷಗಳಲ್ಲಿ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಮ್ಮ ಸಭೆಯ ಹಿಂದಿನ ಸಾಲುಗಳಲ್ಲೂ ಕೊರಳಿಗೆ ಗುರುತುಚೀಟಿ ತೂಗಿಸಿಕೊಂಡ ಎಂಜಿನಿಯರುಗಳು ಕಾಣಿಸತೊಡಗಿದರು. ಅವರಲ್ಲೊಬ್ಬ ಟೀಮ್ ಲೀಡರ್. ಹುಬ್ಬಳ್ಳಿ ಕಡೆಯವನು, ಒಳ್ಳೆಯ ಮಾತುಗಾರ. ಯುವಜನರ ಭಾನುವಾರದಂದು ಅವನಿಗೆ ಪ್ರಸಂಗ ಮಾಡಲು ಅವಕಾಶ ಸಿಕ್ಕಿತು. ಬಿಳಿ ಬೆಡ್‌ಶೀಟ್ ಕಟ್ಟಿ, ಲ್ಯಾಪ್‌ಟಾಪಿನಿಂದ ಚಿತ್ರ ಬಿಟ್ಟು, ಹದಿನೆಂಟೇ ನಿಮಿಷದಲ್ಲಿ ಮುಗಿಸಿದ. ಜನ ಎಚ್ಚರವಾಗಿದ್ದರು. ನಮ್ಮ ಸಭೆಯಲ್ಲಿ ಇದು ಸುದ್ದಿಯೇ.

ಹೊರಗೆ ಚಹಾ ಕುಡಿಯುವಾಗ ಅವನು ಮಾವನ ಹತ್ತಿರ ಬಂದ. "ಹೆಂಗಿತ್ರಿ ಅಂಕಲ್?"

"ಎರಡು ತಪ್ಪು ಇದ್ದುವು."

"ಅಯ್ಯನವರು ಪ್ರತಿ ವಾರ ಇಪ್ಪತ್ತು ತಪ್ಪು ಮಾಡ್ತಾರಂತ ನೀವ ಅಂತೀರಲ್ರಿ?"

"ಅವರು ನೇಮಕ ಆಗಿ ಬಂದು ತಪ್ಪು ಮಾಡ್ತಾರ. ನೀ ಸ್ವಂತ ಖುಷಿಲೆ ತಪ್ಪು ಮಾಡ್ತಿ. ಭಾಳ ಫರಕ್ ಐತಿ."

ಅವನು ನಕ್ಕ. ಆದರೆ ಮಾತನ್ನು ಮರೆಯಲಿಲ್ಲ.

ಮುಂದಿನ ನೇಮಕಪಟ್ಟಿಗೆ ಇನ್ನೂ ಎರಡು ತಿಂಗಳಿತ್ತು. ಅದಕ್ಕೆ ಮುಂಚೆ ನಮ್ಮ ಸಭೆಯ ವಾರ್ಷಿಕ ಕೂಟ ನಡೆಯುತ್ತದೆ. ಬಿಷಪ್ಪರ ಪರವಾಗಿ ಮೇಲ್ವಿಚಾರಕರೊಬ್ಬರು ಬಂದು ಅಧ್ಯಕ್ಷತೆ ವಹಿಸುತ್ತಾರೆ. ಟೀಮ್ ಲೀಡರ್ ಎದ್ದು ನಿಂತು ಒಂದು ಠರಾವು ಮಂಡಿಸಿದ: ನಮ್ಮ ಸಭೆಗೆ ಇನ್ನು ಪ್ರತ್ಯೇಕ ಅಯ್ಯನವರು ಬೇಡ. ಪ್ರಸಂಗ ಮಾಡಬಲ್ಲ ಹನ್ನೆರಡು ಜನ ನಾವೇ ಇದ್ದೇವೆ, ಪಾಳಿಯ ಪಟ್ಟಿಯೂ ತಯಾರಾಗಿದೆ. ರೊಟ್ಟಿ-ದ್ರಾಕ್ಷಾರಸದ ಪ್ರಭುಭೋಜನಕ್ಕೆ, ಮದುವೆಗೆ, ಮಣ್ಣಿಗೆ ತೆಲುಗು ಸಭೆಯ ಅಯ್ಯನವರನ್ನು ಕೇಳಿಕೊಂಡರಾಯಿತು.

ತಮ್ಮ ವಿಷಯ ಬಂದಾಗ ಅಯ್ಯನವರು ಹೊರಗೆ ಹೋಗಬೇಕು ಎಂಬುದು ನಿಯಮ. ನಮ್ಮವರು ಯಾರ ಮುಖವನ್ನೂ ನೋಡದೆ ಎದ್ದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು. ಠರಾವು ಪಾಸಾದರೆ ಪಟ್ಟಿಯಲ್ಲಿ ನಮ್ಮ ಸಭೆಯ ಹೆಸರೇ ಇರುವುದಿಲ್ಲ. ಅವರೂ ಇರುವುದಿಲ್ಲ, ಅವರ ಹಿಂದೆ ಇನ್ನಾರೂ ಬರುವುದಿಲ್ಲ.

"ಇದಕ್ಕ ಆಧಾರ ಏನು?" ಎಂದರು ಮೇಲ್ವಿಚಾರಕರು.

ಟೀಮ್ ಲೀಡರ್ ಫೈಲು ತೆರೆದ. ಸಭೆಯ ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎಂದು ಹಿಂದಿನ ತಿಂಗಳು ಒಯ್ದಿದ್ದ ಫೈಲು ಅದು. ಕಾರ್ಯದರ್ಶಿಯಾಗಿ ಮಾವ, ತಾವು ಬಿಷಪ್ಪರಿಗೆ ಬರೆದ ಒಂದೊಂದು ಪತ್ರದ ನಕಲನ್ನೂ ಕ್ರಮವಾಗಿ ಅದರಲ್ಲಿ ಪೋಣಿಸಿಟ್ಟಿದ್ದರು. ಅವನು ಓದತೊಡಗಿದ. ನಾನು ನೆಲ ನೋಡುತ್ತಾ ಕೂತೆ. ವಿಶೇಷಣಗಳಿಲ್ಲ, ಪುನರುಕ್ತಿಯಿಲ್ಲ, ದಿನಾಂಕ ಸಮೇತ ಬರೀ ಸಂಗತಿ. ಇಂಥ ಅಯ್ಯನವರನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಯಾರಿಗಾದರೂ ಅನಿಸಬೇಕು. ಅಷ್ಟು ಚೆನ್ನಾಗಿ ತಿದ್ದಿದ್ದೆ!

"ಇವೆಲ್ಲ ನೀವ ಬರದಿದ್ದಲ್ರಿ ಅಂಕಲ್?"

"ನಾನ. ಕಾಮಾ ಸೈತ ನಂದ." (ಕಾಮಾಗಳು ನನ್ನವು. ಆಗ ಹೇಳುವುದು ಸರಿಯೆನಿಸಲಿಲ್ಲ.)

"ಇದರಾಗ ಒಂದರ ಸುಳ್ಳೈತೇನ್ರಿ?"

"ಇಲ್ಲ."

"ಹಂಗಾದರ ಇಂಥವರು ನಮಗ ಯಾಕ ಬೇಕ್ರಿ?"

ಮಾವ ಎದ್ದು ನಿಂತರು. ಬೈಬಲಿನ ಮೊದಲ ಯಾಜಕ ಆರೋನನಿಂದ ಶುರುಮಾಡಿ ಅಪೊಸ್ತಲರು ತಲೆಯ ಮೇಲೆ ಕೈಯಿಟ್ಟು ನೇಮಿಸಿದವರ ತನಕ ಒಂದು ತಾಸು ಹಿಡಿಯುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಅವರು ಕೈ ಚಾಚಿ, "ಆ ಪಾಳಿ ಪಟ್ಟಿ ಕೊಡಿಲ್ಲೆ" ಎಂದರು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ಓದಿದರು.

"ಇದರಾಗ ಗುರುವಾರ ಎಲ್ಲೈತಿ?"

"ಗುರುವಾರ ಆರಾಧನಾ ಇಲ್ಲಲ್ರಿ."

"ಇಲ್ಲ. ಗುರುವಾರ ಸಂಜಿಮುಂದ ಅಯ್ಯನವರು ನಮ್ಮ ಮನಿಗೆ ಬರ್ತಾರ. ಎರಡು ವರ್ಷ ಆತು. ಹಿಂದಿನ ಭಾನುವಾರದ ತಪ್ಪೆಲ್ಲಾ ನಾ ಒಂದೊಂದಾಗಿ ಹೇಳ್ತೀನಿ. ಕೇಳ್ತಾರ. ಚಾ ಕುಡೀತಾರ. ನನ್ನ ಸಲುವಾಗಿ, ಈಕಿ ಸಲುವಾಗಿ ಪ್ರಾರ್ಥನಾ ಮಾಡಿ ಹೋಗ್ತಾರ. ಮುಂದಿನ ಗುರುವಾರ ಮತ್ತ ಬರ್ತಾರ."

"ಅಷ್ಟ ಅಲ್ರಿ ಅಂಕಲ್? ನಾ ಬರ್ತೀನಿ."

"ಬರ್ತಿ. ಎರಡು ಗುರುವಾರ ಬರ್ತಿ. ಮೂರನೇದಕ್ಕ ನಿನಗ ಕೆಲಸ ಬರ್ತೈತಿ. ನಿನ್ನ ತಪ್ಪಲ್ಲ ಅದು." ಮಾವ ಪಟ್ಟಿಯನ್ನು ಮಡಿಸಿ ಅವನಿಗೆ ವಾಪಸು ಕೊಟ್ಟರು. "ನನ್ನಂಥ ಮನಶಾನ ಮನಿಗೆ ಖುಷಿಲೆ ಯಾರು ಬರ್ತಾರಪಾ? ಕಾರ್ಖಾನಿ ಮಂದಿ ಬಿಟ್ಟರು, ಓಣಿ ಮಂದಿ ಬಿಟ್ಟರು. ನೇಮಕ ಆದವರಿಗೆ ಬಿಡಾಕ ಬರಂಗಿಲ್ಲ. ಅದಕ್ಕ ಬೇಕು."

ಅವರು ಕೂತರು. ಹೆಂಗಸರ ಸಾಲಿನಲ್ಲಿ ಅತ್ತೆ ತಲೆ ತಗ್ಗಿಸಿ ಪರ್ಸಿನೊಳಗೆ ಏನನ್ನೋ ಹುಡುಕುತ್ತಿದ್ದರು. ಟೀಮ್ ಲೀಡರ್ ಪಟ್ಟಿಯನ್ನು ಫೈಲಿನೊಳಗೆ ಸೇರಿಸಿ, ಠರಾವು ಹಿಂದಕ್ಕೆ ತಗೊಂಡಿದ್ದೇನೆ ಎಂದು ಮೆಲ್ಲಗೆ ಹೇಳಿದ. ಯಾರೋ ಹೋಗಿ ಅಯ್ಯನವರನ್ನು ಒಳಗೆ ಕರೆತಂದರು. ಎಲ್ಲರಿಗಿಂತ ಮೊದಲು ಎದ್ದು ನಿಂತವರು ಮಾವ.

ಆ ಅಯ್ಯನವರ ಮೇಲೆ ನಾನು ತಿದ್ದಿದ ಪತ್ರಗಳು ಮೂವತ್ತಕ್ಕೆ ಕಡಿಮೆಯಿಲ್ಲ. ಒಂದರಲ್ಲೂ ಗುರುವಾರದ ಸುದ್ದಿಯಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ವರದಿಗಾರರು ಯಾರಾದರೂ ಇಷ್ಟು ದೊಡ್ಡ ಸಂಗತಿ ಬಿಟ್ಟು ವರದಿ ತಂದಿದ್ದರೆ ಅವರ ಮುಖದ ಮುಂದೆಯೇ ವಾಪಸು ಕಳಿಸುತ್ತಿದ್ದೆ.

ಬಿಷಪ್ಪರು ನೇಮಕಪಟ್ಟಿ ಓದಿದರು, ಅದೇ ಅಯ್ಯನವರನ್ನು ನಮಗೇ ಮತ್ತೆ ನೇಮಿಸಿದ್ದರು. ಮೊದಲ ಭಾನುವಾರ ಐವತ್ತು ನಿಮಿಷ ಮಾತಾಡಿದರು. ನನ್ನ ರಜೆಯ ದಿನ ಫೋನು ಬಂತು. ಎಂಟು ಪುಟ. ತಿದ್ದಿಕೊಟ್ಟು ಬಂದೆ.

ಅದರ ಮುಂದಿನ ವಾರದ ರಜೆಗೆ ಫೋನು ಬರಲಿಲ್ಲ. ಹತ್ತು ಗಂಟೆಯ ತನಕ ಕಾದೆ. ಆಮೇಲೆ ಎರಡು ಬಸ್ಸು ಬದಲಿಸಿ ಹೋದೆ. ಬಾಗಿಲು ತೆರೆದವರು ಮಾವನೇ.

"ಈ ವಾರ ಪತ್ರ ಏನೂ ಇಲ್ಲಲಾ."

"ಗೊತ್ತೈತಿ ಮಾವ."

"ನಿಮ್ಮತ್ತಿ ಫೋನ್ ಮಾಡಿದ್ಲೇನು?"

"ಇಲ್ಲ."

"ಮತ್ತ ಯಾರು ಕಳಿಸಿದರು?"

"ಯಾರೂ ಕಳಿಸಿಲ್ಲ. ಸುಮ್ಮನ ಬಂದೆ."

ಮಾವ ಬಾಗಿಲು ಹಿಡಿದು ನಿಂತೇ ಇದ್ದರು. ತಪ್ಪು ಹುಡುಕಲು ಅವರಿಗೆ ಅಷ್ಟು ಹೊತ್ತು ಯಾವತ್ತೂ ಬೇಕಾಗಿರಲಿಲ್ಲ. ಕೊನೆಗೆ ಪಕ್ಕಕ್ಕೆ ಸರಿದು, ಒಳಗಿನ ಕಡೆ ಮುಖ ತಿರುಗಿಸಿ, ಅತ್ತೆಗೆ ಕೂಗಿ ಹೇಳಿದರು:

"ಚಾ ಇಡು. ಮನಿಗೆ ಮಂದಿ ಬಂದಾರ."