ಹಸಿರು ಬಾಗಿಲಿನ ಗುತ್ತೇದಾರರು

ನಮ್ಮ ಸೋದರಮಾವ ಬದುಕಿನಲ್ಲಿ ಒಂದೇ ಒಂದು ಸುಳ್ಳನ್ನೂ ಹೇಳಿದವರಲ್ಲ. ಹೇಳುವ ಅಗತ್ಯವೇ ಅವರಿಗೆ ಬೀಳಲಿಲ್ಲ. ತಾವು ಬರೆದುಕೊಟ್ಟದ್ದು ಸುಳ್ಳಾಗುವ ಲಕ್ಷಣ ಕಂಡರೆ, ಬರೆದದ್ದನ್ನು ಹಾಗೇ ಬಿಟ್ಟು ಊರನ್ನೇ ತಿದ್ದಿಬಿಡುತ್ತಿದ್ದರು. ಇಂಥವರನ್ನು ಹುಚ್ಚರು ಅನ್ನಬೇಕೋ, ಗುತ್ತೇದಾರರು ಅನ್ನಬೇಕೋ? ಸುರಪುರದ ನಮ್ಮ ಓಣಿಯಲ್ಲಿ ಎರಡನ್ನೂ ಅನ್ನುತ್ತಿದ್ದರು.

ಕೃಷ್ಣೆಯ ನೀರನ್ನು ಕಾಲುವೆಯಲ್ಲಿ ತರುವ ಕೆಲಸ ನಮ್ಮ ಕಡೆ ಶುರುವಾದಾಗ, ಕಲ್ಲು ಕಟ್ಟುವ ಮೇಸ್ತ್ರಿಯಾಗಿದ್ದ ಮಾವ ಸರ್ಕಾರದಲ್ಲಿ ನಾಲ್ಕನೇ ದರ್ಜೆಯ ಗುತ್ತಿಗೆದಾರರೆಂದು ನೋಂದಣಿ ಮಾಡಿಸಿಕೊಂಡರು. ನಾಲ್ಕನೇ ದರ್ಜೆ ಎಂದರೆ ಎಲ್ಲಕ್ಕಿಂತ ಕೆಳಗಿನದು. ಮರಿಗಾಲುವೆಗೆ ಕಲ್ಲು ಹೊದಿಸುವುದು, ಸಣ್ಣ ಸೇತುವೆ, ಕುಸಿದ ಏರಿಯ ರಿಪೇರಿ, ಇಷ್ಟೇ. ನೋಂದಣಿ ಇದ್ದರೆ ಟೆಂಡರ್ ಹಾಕಬಹುದು. ಕೆಲವು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಗಡುವು ತಪ್ಪಿತೋ, ಹೆಸರೂ ಹೋಯಿತು, ಕೆಲಸವೂ ಹೋಯಿತು. ಬೇರೆ ಗುತ್ತೇದಾರರು ಗಡುವು ಹತ್ತಿರ ಬಂದಾಗ ಮಾತ್ರ ದಫ್ತರದ ಕಡೆ ಮುಖ ಹಾಕುತ್ತಿದ್ದರು. ನಮ್ಮ ಮಾವ ಹಾಗಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶಹಾಪುರದ ಬಸ್ಸು ಹತ್ತುತ್ತಿದ್ದರು. ಏತಕ್ಕೆ? ಹೆಸರು ಇದೆಯೋ ಇಲ್ಲವೋ ನೋಡಲು!

ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯರು. ಆದರೆ ಒಳ್ಳೆಯತನಕ್ಕೂ ಒಂದು ಮಿತಿ ಇರುತ್ತದೆ.

"ಗುತ್ತೇದಾರ್ರ, ಹೋದ ತಿಂಗಳು ಇದ್ದ ಹೆಸರು ಈ ತಿಂಗಳು ಎಲ್ಲಿ ಹೋಗತದ್ರಿ?"

"ಹೆಸರು ಹೋಗಂಗಿಲ್ರಿ ಸಾಹೇಬ್ರ. ಇಲಿ ಬರತಾವ."

ಮುಂದಿನ ಸೋಮವಾರ ಮಾವ ಇಲಿಬೋನು ಹಿಡಿದುಕೊಂಡೇ ಹೋದರು. ಒಳಗೆ ಒಣಕೊಬ್ಬರಿಯ ಚೂರನ್ನೂ ತಾವೇ ಸಿಕ್ಕಿಸಿದ್ದರು. ಅಂದಿನಿಂದ ದಫ್ತರದ ಫೈಲುಗಳ ಕಪಾಟಿನಲ್ಲಿದ್ದ ಎಲ್ಲ ಗುತ್ತೇದಾರರ ಹೆಸರುಗಳೂ ಉಳಿದುಕೊಂಡವು. ಒಬ್ಬರಾದರೂ ಉಪಕಾರ ನೆನೆದರೇ? ಇಲ್ಲ.

ಇನ್ನು ವಿಳಾಸದ ಕಥೆ. ಮೊದಲ ಅರ್ಜಿಯಲ್ಲಿ ಮಾವ ತಮ್ಮ ಆಫೀಸಿನ ಗುರುತನ್ನು "ಹಿಟ್ಟಿನ ಗಿರಣಿಯ ಪಕ್ಕ, ಹಸಿರು ಬಾಗಿಲಿನ ಮನೆ" ಎಂದು ಬರೆದಿದ್ದರು. ಆಫೀಸೆಂದರೆ ಬಾಡಿಗೆ ಮನೆಯ ಪಡಸಾಲೆ. ಒಂದು ಮೇಜು, ಒಂದು ಮುರಿದ ಕುರ್ಚಿ. ಮನೆಯ ಮಾಲೀಕರು ಮಗಳ ಮದುವೆಗೆಂದು ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದರು. ಬೀಗರು ಊಟ ಮಾಡಿ ಎದ್ದ ಮರುದಿನವೇ ಮಾವ ಕುಂಚ ಹಿಡಿದು ಅದನ್ನು ಮತ್ತೆ ಹಸಿರು ಮಾಡಿದರು. ಅದಾದ ಎರಡು ವರ್ಷಕ್ಕೆ ಗಿರಣಿಯೇ ಬೇರೆ ಓಣಿಗೆ ಹೋಯಿತು. ಬಾಗಿಲಿಗೆ ಬಣ್ಣ ಹಚ್ಚಬಹುದು, ಗಿರಣಿಯನ್ನು ಎಲ್ಲಿಂದ ತರುವುದು? ಮಾವ ಗಿರಣಿಯವರನ್ನು ಕಾಡಿ ಬೇಡಿ ಅವರ ಹಳೆಯ ಬೋರ್ಡನ್ನು ತಂದು ಪಕ್ಕದ ಖಾಲಿ ಗೋಡೆಗೆ ತೂಗುಹಾಕಿದರು.

ಅಲ್ಲಿಂದ ನಮ್ಮ ಅತ್ತೆಗೆ ಹೊಸ ನೌಕರಿ ಹತ್ತಿತು. ಅಕ್ಕಪಕ್ಕದ ಹಳ್ಳಿಗಳಿಂದ ಹೆಣ್ಣುಮಕ್ಕಳು ಜೋಳದ ಡಬ್ಬಿ ಹೊತ್ತು ನೇರ ಅಲ್ಲಿಗೇ ಬರುತ್ತಿದ್ದರು.

"ಗಿರಣಿ ಆ ಓಣ್ಯಾಗ ಅದ ಯವ್ವಾ."

"ಮತ್ತ ಇಲ್ಲಿ ಬೋರ್ಡ್ ಯಾಕ ಹಾಕೀರಿ?"

"ಇದು ಜ್ವಾಳ ಬೀಸೋ ಗಿರಣಿ ಅಲ್ಲವ್ವ. ನನ್ನ ಬೀಸೋದು."

ವಿಳಾಸ ಬದಲಾಯಿತೆಂದು ಒಂದು ಅರ್ಜಿ ಕೊಟ್ಟರೆ ಮುಗಿಯಿತಲ್ಲ ಎಂದು ನಾನು ಕೇಳಿದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸರಕಾರಕ್ಕ ಒಂದು ಮಾತು ಕೊಟ್ಟ ಮ್ಯಾಲ ಕೊಟ್ಟಂಗ, ಅಳಿಯಾ. ಇವತ್ತು ಬಾಗಲದ್ದು ತಿದ್ದಿದ್ರ ನಾಳಿ ಕಲ್ಲಿನ ಅಳತೀನೂ ತಿದ್ದತಾನ ಅಂತಾರ."

ಕಾಂಕ್ರೀಟ್ ಮಿಕ್ಸರಿನದೂ ಇದೇ ಹಣೆಬರಹ. ಯಂತ್ರಗಳ ಪಟ್ಟಿಯಲ್ಲಿ ಮಾವ "ಮಿಕ್ಸರ್ ಒಂದು, ತಿರುಗುವ ಸ್ಥಿತಿಯಲ್ಲಿದೆ" ಎಂದು ಬರೆದಿದ್ದರು. ಬರೆದ ಮೇಲೆ ಅದು ತಿರುಗಬೇಕಲ್ಲ! ಕೆಲಸವಿಲ್ಲದ ತಿಂಗಳುಗಳಲ್ಲೂ ಅಮಾವಾಸ್ಯೆಗೆ ಅದಕ್ಕೆ ಪೂಜೆ ಮಾಡಿ, ಬೀದಿಯಲ್ಲಿ ನಿಲ್ಲಿಸಿ ಅರ್ಧ ತಾಸು ಬರಿದೇ ತಿರುಗಿಸುತ್ತಿದ್ದರು. ಡೀಸೆಲ್ ಸುಮ್ಮನೆ ಸುಡುವುದನ್ನು ಅತ್ತೆ ಎಷ್ಟು ದಿನ ನೋಡಿಯಾಳು? ಒಂದು ಅಮಾವಾಸ್ಯೆ ಹೊಲದಿಂದ ಬಂದ ಮಣ್ಣು ಮೆತ್ತಿದ ಶೇಂಗಾವನ್ನು ಅದರೊಳಗೆ ಸುರಿದಳು. ಮಣ್ಣೆಲ್ಲ ಉದುರಿ ಶೇಂಗಾ ಚೊಕ್ಕಟವಾಗಿ ಹೊರಬಂತು. ಮುಂದಿನ ಅಮಾವಾಸ್ಯೆಗೆ ಓಣಿಯವರೆಲ್ಲ ಬುಟ್ಟಿ ಹಿಡಿದು ಸಾಲು ನಿಂತಿದ್ದರು. ಎಂಜಿನಿಯರ್ ಸಾಹೇಬರು ಯಂತ್ರದ ತಪಾಸಣೆಗೆ ಬಂದದ್ದೂ ಅದೇ ದಿನ.

"ಏನ್ರಿ ಇದು, ಮಿಕ್ಸರ್‌ನ್ಯಾಗ ಶೇಂಗಾ?"

"ತಿರುಗತದ ಅಂತ ಬರದೀನ್ರಿ ಸಾಹೇಬ್ರ. ಏನು ತಿರುಗಸ್ತೀನಿ ಅಂತ ಬರದಿಲ್ಲ."

ಸಾಹೇಬರು ಸಹಿ ಹಾಕಿದರು. ಹೋಗುವಾಗ ಒಂದು ಹಿಡಿ ಶೇಂಗಾವನ್ನೂ ಜೇಬಿಗೆ ಹಾಕಿಕೊಂಡರು.

ಬಾಗಿಲು, ಗಿರಣಿ, ಮಿಕ್ಸರ್ ಆದ ಮೇಲೆ ನಾಲ್ಕನೆಯದು ನಾನು. ನಾನು ಏಳನೇ ತರಗತಿಯಲ್ಲಿದ್ದಾಗ ಮಾವನಿಗೆ ಮೊದಲ ಕೆಲಸ ಸಿಕ್ಕಿತು, ಬೋನಾಳದ ಕಡೆಯ ಒಂದು ಮರಿಗಾಲುವೆ. ನಂಬಿಗಸ್ತ ಆಳು ಬೇಕಾಗಿತ್ತು. ಮಾವ ಶಾಲೆಗೆ ಬಂದರು, ಮಾಸ್ತರರ ಜೊತೆ ಮಾತಾಡಿದರು, ನನ್ನನ್ನು ಕರೆದುಕೊಂಡು ಹೋದರು. ಆಗ ನನಗೆ ಖುಷಿಯೇ ಆಗಿತ್ತು. ಇಂದಿಗೂ ನನ್ನ ಕೆಲಸದ ಬಗ್ಗೆ ನನಗೆ ಸಂಕೋಚವಿಲ್ಲ. ಕಲ್ಲನ್ನು ಕೈಯಲ್ಲಿ ಹಿಡಿದರೆ ಅದು ಎಲ್ಲಿ ಕೂರಬೇಕೆಂದು ಹೇಳಬಲ್ಲೆ; ಏರಿಯ ಮೇಲೆ ನಡೆದರೆ ಎಲ್ಲಿ ಜಿನುಗುತ್ತದೆಂದು ಅಂಗಾಲಿಗೇ ತಿಳಿಯುತ್ತದೆ. ಆದರೆ ನನಗೆ ಮೀಸೆ ಬಂದು, ಮದುವೆಯಾಗಿ, ಮಗಳೂ ಹುಟ್ಟಿದ ಮೇಲೆ ಮಾವ ಒಂದು ಹೊಸ ರಾಗ ತೆಗೆದರು.

"ನಿನ್ನ ಹತ್ತನೇದು ಅಲ್ಲಿ ಕಾಗದದಾಗ ಬರದದ, ಅಳಿಯಾ. ಬರದಿದ್ದು ಖರೇ ಆಗಬೇಕು."

ನಾನು ಹತ್ತನೇ ಪಾಸೆಂದು ಮಾವ ದಫ್ತರದಲ್ಲಿ ಬರೆದು ಬಂದಿದ್ದಾರೆ ಎಂದೇ ತಿಳಿದೆ. ಬಾಗಿಲಿಗೆ ಬಣ್ಣ ಹಚ್ಚಿದಂತೆ ಈಗ ನನಗೂ ಹಚ್ಚಲು ಹೊರಟಿದ್ದಾರೆ! ಪ್ರತಿ ಜೂನ್ ತಿಂಗಳು ಹತ್ತನೇ ತರಗತಿಯ ಪುಸ್ತಕಗಳು ನಮ್ಮ ಮನೆಗೆ ಬರುತ್ತಿದ್ದವು, ಸಿಮೆಂಟ್ ಚೀಲದ ಕಾಗದದ ರಟ್ಟು ಹಾಕಿಸಿಕೊಂಡು. ಖಾಸಗಿಯಾಗಿ ಪರೀಕ್ಷೆಗೆ ಕಟ್ಟುವವರ ಫಾರ್ಮನ್ನೂ ಮಾವ ತಾವೇ ತುಂಬುತ್ತಿದ್ದರು. ನೋಂದಣಿ ಹೋದೀತೆಂಬ ಅಂಜಿಕೆಗೆ ಒಂದು ವರ್ಷ ಹೋಗಿ ಕುಳಿತೆ. ಪರೀಕ್ಷೆ ಕೋಣೆಯ ಬಾಗಿಲಲ್ಲೇ ಮೇಡಂ ತಡೆದರು.

"ಪಾಲಕರು ಹೊರಗ ನಿಂದರ್ರಿ."

"ಬರಿಯಾಂವ ನಾನೇ ರೀ."

ಮಕ್ಕಳೆಲ್ಲ ತಿರುಗಿ ನೋಡಿದರು. ಹೋಗಲಿ. ಗಣಿತದಲ್ಲಿ ಒಂದು ಹೊಂಡ ತೋಡಲು ಎಷ್ಟು ಮಣ್ಣು ತೆಗೆಯಬೇಕೆಂದು ಕೇಳಿದ್ದರು. ಇದನ್ನು ನನಗೆ ಕೇಳುತ್ತಾರೆಯೇ? ಒಂದೇ ಸಾಲಿನಲ್ಲಿ ಉತ್ತರ ಬರೆದೆ, ಸರಿಯಾದ ಉತ್ತರ. ಫೇಲು. ಲೆಕ್ಕವನ್ನು ಬಿಡಿಸಿ ತೋರಿಸಬೇಕಂತೆ. ಕಣ್ಣಳತೆಯನ್ನು ಹೇಗೆ ಬಿಡಿಸಿ ತೋರಿಸುವುದು?

ಮರುವರ್ಷವೂ ಅದೇ ಗಣಿತ, ಅದೇ ಫೇಲು. ಆ ದಿನ ಮಾವ ರೊಟ್ಟಿ ತಿನ್ನುತ್ತಿದ್ದರು. ನಾನು ಹೊಸಿಲಲ್ಲೇ ನಿಂತು ಹೇಳಿದೆ:

"ಶಾಲಿ ಬಿಡಿಸಿದವ್ರು ನೀವು. ಈಗ ಪಾಸಾಗು ಅನ್ನವ್ರೂ ನೀವು. ನನ್ನ ಕೈಯಾಗ ಆದ ಕೆಲಸ ಯಾವ ಹತ್ತನೇ ಪಾಸಾದವ ಮಾಡ್ಯಾನ ತೋರಸ್ರಿ ಮಾಮಾ. ಇನ್ನ ನಾ ಅಲ್ಲಿ ಕಾಲಿಡಂಗಿಲ್ಲ."

ಮಾವ ತುತ್ತನ್ನು ತಟ್ಟೆಯಲ್ಲೇ ಇಟ್ಟರು. ಕೈ ತೊಳೆದು, ಕುಂಚ ತೆಗೆದುಕೊಂಡು, ಹಸಿರಾಗಿಯೇ ಇದ್ದ ಬಾಗಿಲಿಗೆ ಇನ್ನೊಮ್ಮೆ ಹಸಿರು ಹಚ್ಚತೊಡಗಿದರು. ಜೂನಿನಲ್ಲಿ ಪುಸ್ತಕಗಳು ಮತ್ತೆ ಬಂದವು. ನಾನು ಬಿಚ್ಚಿಯೂ ನೋಡದೆ ಮಗಳ ಕೈಯಲ್ಲಿ ವಾಪಸ್ ಕಳಿಸಿದೆ. ಕೆಲಸದ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತು ನಿಂತುಹೋಯಿತು.

ಮರುವರ್ಷ ನವೀಕರಣದ ಗಡುವಿಗೆ ನಾಲ್ಕು ದಿನ ಇರುವಾಗ ಮಾವ ಕಾಲುವೆಯ ಏರಿಯಿಂದ ಜಾರಿ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ನೋವಿಗಿಂತ ಗಡುವಿನ ಚಿಂತೆಯೇ ಅವರಿಗೆ ಹೆಚ್ಚಾಗಿತ್ತು. ನಮ್ಮ ಆಳುಗಳ ಒಲೆ ಉರಿಯುತ್ತಿದ್ದದ್ದು ಆ ಒಂದು ಹೆಸರಿನ ಮೇಲೆ. ಮೊದಲ ಸಲ ಆ ಕೆಲಸ ನನ್ನ ಪಾಲಿಗೆ ಬಂತು.

"ಹೆಸರು ನೋಡು. ವಿಳಾಸ ನೋಡು. ಮಿಕ್ಸರ್‌ದ ಕಾಗದ ನೋಡು," ಎಂದು ಮಾವ ಬೆರಳು ಮಡಿಚುತ್ತ ಹೇಳಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ನಿನ್ನದೇನೂ ನೋಡಬ್ಯಾಡ. ಅದು ಇರಲಿ," ಎಂದರು.

ನೋಡಬೇಡ ಎಂದ ಮೇಲೆ ನೋಡದೆ ಬರುವವರು ಯಾರು? ಶಹಾಪುರದ ದಫ್ತರದಲ್ಲಿ ಗುಮಾಸ್ತರು ಕಾಗದಗಳನ್ನೆಲ್ಲ ಪರೀಕ್ಷಿಸಿ ಠಸ್ಸೆ ಒತ್ತಿದರು. ಹತ್ತು ನಿಮಿಷದ ಕೆಲಸ. ಕಪಾಟಿನ ಕೆಳಗೆ ಮಾವನ ಇಲಿಬೋನು ಇನ್ನೂ ಇತ್ತು.

"ಸಾಹೇಬ್ರ, ನನ್ನ ಹತ್ತನೇ ಪಾಸಿನ ಸುದ್ದಿ ಎಲ್ಲಿ ಬರದದ?"

"ನಾಲ್ಕನೇ ದರ್ಜೆಗೆ ಅದನ್ನ ಯಾರು ಕೇಳ್ಯಾರ್ರಿ? ಅರ್ಜ್ಯಾಗ ಅಂಥಾದ್ದು ಇಲ್ಲೇ ಇಲ್ಲ," ಎಂದರು ಗುಮಾಸ್ತರು. ಮರುಕ್ಷಣ ಏನೋ ನೆನಪಾಗಿ ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು. "ಆ ತಂಗಿ ಮಗ ನೀವೇ ಏನು?"

ಅವರು ಫೈಲನ್ನು ಹಿಂದುಮುಂದಾಗಿ ತಿರುವಿ ಮೊದಲ ನವೀಕರಣದ ಅರ್ಜಿಯ ಕೊನೆಯ ಹಾಳೆ ತೆಗೆದರು. ಯಾರೂ ಕೇಳದ, ಯಾವ ಅಂಕಣಕ್ಕೂ ಸೇರದ ಮೂರು ಸಾಲುಗಳು ಅಲ್ಲಿದ್ದವು. ಮಾವನ ಕಲ್ಲು ಜೋಡಿಸಿದಂಥ ಅಕ್ಷರ:

"ಕೆಲಸದ ಮೇಲೆ ಇರುವವನು ನನ್ನ ತಂಗಿಯ ಮಗ. ಏಳನೇ ತರಗತಿಗೆ ಶಾಲೆ ಬಿಡಿಸಿದವನು ನಾನು. ಹತ್ತನೇ ತರಗತಿ ಮುಗಿಸಿಕೊಡುವವನೂ ನಾನೇ."

ಆಮೇಲಿನ ಪ್ರತಿ ನವೀಕರಣದ ಅರ್ಜಿಯ ಕೊನೆಗೂ ಅದೇ ಮೂರು ಸಾಲು. ಹಾಳೆಗಳು ಹಳದಿಯಿಂದ ಬೆಳ್ಳಗಾಗುತ್ತ ಬಂದಿದ್ದವು, ಸಾಲು ಮಾತ್ರ ಒಂದಕ್ಷರ ಬದಲಾಗಿರಲಿಲ್ಲ.

"ತಿಂಗಳಾ ಬಂದು ಹೆಸರು ನೋಡತಿದ್ರು ಅಂತ ಮಾಡೀರೇನು?" ಎಂದರು ಗುಮಾಸ್ತರು. "ಹೆಸರು ಮ್ಯಾಲಿನ ಹಾಳ್ಯಾಗ ಅದ. ಅವ್ರು ತಗಸತಿದ್ದದ್ದು ಈ ಹಾಳಿ."

ಸುರಪುರಕ್ಕೆ ಬಸ್ಸು ಬರುವಾಗ ಕಿಟಕಿಯ ಹೊರಗೆ ಕಾಲುವೆ ಕಾಣುತ್ತಿತ್ತು. ಅದರ ಎಷ್ಟೋ ಕಲ್ಲು ನಾನೇ ಕೂರಿಸಿದ್ದು. ಅಂದು ಒಂದನ್ನೂ ಗುರುತು ಹಿಡಿಯಲಾಗಲಿಲ್ಲ.

ಮಾವ ಪಡಸಾಲೆಯಲ್ಲಿ ಮಲಗಿ ಬಾಗಿಲ ಕಡೆಗೇ ನೋಡುತ್ತಿದ್ದರು.

"ಅದ ಏನು?"

"ಅದ ರೀ."

"ಎಲ್ಲಾ ಬರದಂಗ ಅದ?"

"ಒಂದು ಬಿಟ್ಟು ಎಲ್ಲಾ ಅದ ಮಾಮಾ. ಗಣಿತದ ಪುಸ್ತಕ ಎಲ್ಲಿ ಇಟ್ಟೀರಿ?"

ದಿಂಬಿನ ಕೆಳಗಿನಿಂದ ನಾನು ಎಳೆದುಕೊಳ್ಳಲೆಂದು ಮಾವ ತಲೆಯನ್ನು ಸ್ವಲ್ಪ ಮೇಲೆತ್ತಿದರು.